ದೀಪ ದೊಡ್ಡದು ಮಾಡಿ

ನಮ್ಮೂರಿನಲ್ಲಿ ಪುರಸಭೆಯ ದೀಪ ಹತ್ತಿದರೆ ಬೀದಿಯ ಬೆಳಕು ಕಡಿಮೆಯಾಗುತ್ತದೆ. ಮೊದಲಿನಿಂದಲೂ ಹಾಗೇ. ಕಂದಾಯದ ಕೌಂಟರಿನ ದೀಪ ಎಣ್ಣೆಗಾಣದ ಓಣಿಯಿಂದ ಬೆಳಕು ತೆಗೆದುಕೊಳ್ಳುತ್ತದೆ, ನೀರಿನ ಮೋಟಾರು ಮನೆಯ ದೀಪ ಕುಂಬಾರಗೇರಿಯಿಂದ, ಪುರಸಭೆ ಆಸ್ಪತ್ರೆಯ ಹೆರಿಗೆ ಕೋಣೆಯ ದೀಪ ಸಂತೆಮಾಳದಿಂದ. ಯಾವ ದೀಪ ಯಾವ ಬೀದಿಯದು ಎನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತು. ಹೆರಿಗೆ ಕೋಣೆಯ ದೀಪದ ಬಗ್ಗೆ ಯಾರೂ ಒಂದು ದಿನವೂ ಗೊಣಗಿದ್ದಿಲ್ಲ. ಸಂತೆಯ ನಡುವೆ ಮಬ್ಬು ಕವಿದರೆ ವ್ಯಾಪಾರದವರು ತಕ್ಕಡಿ ಕೆಳಗಿಟ್ಟು, "ಯಾರ ಮನೆ ಸೊಸೆಯೋ ಏನೋ, ಸಸೂತ್ರವಾಗ್ಲಿ" ಎಂದು ಕಾಯುತ್ತಾರೆ. ಬೆಳಕು ಮರಳಿದೊಡನೆ ಬೆಲ್ಲದ ಅಂಗಡಿಯವನು ಎಲ್ಲರ ಕೈಗೂ ಒಂದೊಂದು ಚೂರು ಬೆಲ್ಲ ಹಾಕುತ್ತಾನೆ. ಆಮೇಲೆ ಅದನ್ನು ತೂಕದಲ್ಲಿ ಹಿಡಿದುಕೊಳ್ಳುತ್ತಾನೆ, ಅದು ಬೇರೆ ಮಾತು.

ನಮ್ಮದು ಗರಡಿ ಬೀದಿ. ನಮ್ಮ ಪಾಲಿಗೆ ಬಂದದ್ದು ಪುರಸಭೆಯ ಸಭಾಂಗಣದ ದೀಪಗಳು. ಮೀಟಿಂಗು ಇದ್ದ ದಿನ ನಮ್ಮ ಬೀದಿಯಲ್ಲಿ ಯಾರೂ ಹಪ್ಪಳ ಒಣಹಾಕುವುದಿಲ್ಲ, ಸೂಜಿಗೆ ದಾರ ಪೋಣಿಸುವುದಿಲ್ಲ, ಹೆಣ್ಣು ತೋರಿಸುವುದಿಲ್ಲ. ಮೀಟಿಂಗು ನಡೆಯುತ್ತಿದ್ದದ್ದೇ ಅಪರೂಪ. ನಡೆದರೂ ಸದಸ್ಯರು ಕಿತ್ತಾಡಿಕೊಂಡು ಬೇಗ ಎದ್ದು ಹೋಗುತ್ತಿದ್ದರು. ಅವರು ಜಗಳವಾಡಿದಷ್ಟೂ ನಮಗೆ ಒಳ್ಳೆಯದು. ಹೋದ ಬೆಳಕನ್ನು ಮನೆಯ ದೀಪ ಹಚ್ಚಿ ತುಂಬಿಕೊಳ್ಳಲು ಬರುವುದಿಲ್ಲ. ಹಚ್ಚಿದರೆ ಉರಿಯುತ್ತದೆ, ಬೆಳಗುವುದಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ದೀಪದ ವಿಷಯದಲ್ಲಿ ಒಂದು ಮಾತನ್ನು ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ದೀಪ ಉರಿದದ್ದು ಸಾಕು, ಇನ್ನು ಬೇಡ ಎನ್ನಬೇಕಾದರೆ "ದೀಪ ದೊಡ್ಡದು ಮಾಡು" ಎನ್ನುತ್ತೇವೆ, ಬಳೆ ಒಡೆದರೆ ಬಳೆ ಹೆಚ್ಚಿತು ಎನ್ನುವ ಹಾಗೆ. ಬೇರೆ ಕಡೆಯೂ ಹಿರಿಯರು ಹೀಗೆ ಹೇಳುವುದುಂಟಂತೆ. ಅಲ್ಲಿ ಅದು ಮರ್ಯಾದೆಯ ಮಾತು, ನಮ್ಮಲ್ಲಿ ಭಯದ ಮಾತು. ಆ ಕೆಟ್ಟ ಮಾತು ಆಡಿದವರ ಮನೆಯ ದೀಪಕ್ಕೆ, ಎಂದರೆ ಮನೆಯ ಯಜಮಾನನಿಗೆ, ಅದು ತಟ್ಟುತ್ತದೆ ಎಂದು ನಂಬಿಕೆ. "ಆಫ್ ಮಾಡಿ" ಎನ್ನುವುದೂ ಸಲ್ಲದು. ಅದೂ ಅದೇ ಮಾತು, ಪ್ಯಾಂಟು ಹಾಕಿಕೊಂಡು ಬಂದಿದೆ ಅಷ್ಟೆ. ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆದರೆ ನಂಬದೆ ಇದ್ದರೂ ಹೆದರಿಕೊಳ್ಳುವುದಕ್ಕೇನೂ ಅಡ್ಡಿಯಿಲ್ಲವಲ್ಲ.

ನಮ್ಮನೆಯವರದು ಕ್ಷೌರದ ಅಂಗಡಿ, ಮನೆಯ ಎದುರಿಗೇ, ರಸ್ತೆಯ ಆಚೆ ಬದಿ. ಊರಿನವರು ಚೆಲುವಣ್ಣ ಎಂದು ಕರೆಯುತ್ತಾರೆ. ನಾನು ಗಂಡನ ಹೆಸರು ಹೇಳುವುದಿಲ್ಲ, ಈಗ ಬರೆದದ್ದು ಊರಿನವರ ಲೆಕ್ಕಕ್ಕೆ. ಚಿಕ್ಕಂದಿನಲ್ಲಿ ಜ್ವರ ಬಂದು ಅವರಿಗೆ ಎರಡೂ ಕಿವಿ ಹೋದವು. ಮಾತು ಚೆನ್ನಾಗಿಯೇ ಆಡುತ್ತಾರೆ, ಸ್ವಲ್ಪ ಜೋರು. ಬೇರೆಯವರ ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತಾರೆ, ಅದೂ ಕನ್ನಡಿಯಲ್ಲಿ. ಹಗಲೆಲ್ಲ ಗಿರಾಕಿಗಳ ಹಿಂದೆ ನಿಂತು ಅವರ ಮುಖವನ್ನು ಕನ್ನಡಿಯಲ್ಲೇ ನೋಡಿ ನೋಡಿ ಅದೇ ರೂಢಿಯಾಗಿಬಿಟ್ಟಿದೆ. ಮದುವೆಯಾದ ಹೊಸತರಲ್ಲಿ ನಾನು ಏನಾದರೂ ಹೇಳಲು ಹೋದರೆ ಭುಜ ಹಿಡಿದು ಕನ್ನಡಿಯ ಕಡೆ ತಿರುಗಿಸಿ "ಈಗ ಹೇಳು" ಎನ್ನುತ್ತಿದ್ದರು. ನನ್ನ ಮುಖ ನಾನೇ ನೋಡಿಕೊಂಡು ಜಗಳವಾಡುವುದು ಕಷ್ಟವಾಗುತ್ತಿತ್ತು, ನಗು ಬಂದುಬಿಡುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ನಾನು ಮನೆಯ ಜಗಲಿಯ ಮೇಲೆ ಕೂತು ಸದ್ದಿಲ್ಲದೆ ತುಟಿ ಆಡಿಸಿದರೆ, ಅವರು ಅಂಗಡಿಯ ಕನ್ನಡಿಯಲ್ಲಿ ನೋಡಿ ಅಲ್ಲಿಂದಲೇ ಉತ್ತರ ಕೂಗುತ್ತಿದ್ದರು. ನಾನು ಕೇಳಿದ್ದು ಬೀದಿಗೆ ಗೊತ್ತಾಗುತ್ತಿರಲಿಲ್ಲ. ಅವರು ಹೇಳಿದ್ದು ಮಾತ್ರ ಬೀದಿಗೆಲ್ಲ ಗೊತ್ತಾಗುತ್ತಿತ್ತು: "ನಿಮ್ಮಕ್ಕ ಬಂದ್ರೆ ಬರ್ಲಿ ಬಿಡು, ನಾನೇನು ಬೇಡ ಅಂದ್ನಾ?"

ಹಳೆಯ ಮುಖ್ಯಾಧಿಕಾರಿ ನಮ್ಮೂರಿನವರೇ. ಕಿಟಕಿಯ ಪಕ್ಕ ಮೇಜು ಹಾಕಿಕೊಂಡು, ಹೊತ್ತಿರುವಾಗಲೇ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದರು. ಅವರು ನಿವೃತ್ತರಾದ ಮೇಲೆ ಕರಾವಳಿ ಕಡೆಯಿಂದ ವಾಮನ ಕುಡ್ವರು ಬಂದರು. ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡಬೇಕು. ಯಾರು ಬಂದರೂ ಕುರ್ಚಿ ಕೊಡುತ್ತಿದ್ದರು. ಜನ ಏನಾದರೂ ಕೇಳಿದರೆ ಅದು ಅವತ್ತೇ ಆಗಬೇಕು ಎನ್ನುವ ಸ್ವಭಾವ. ಅದೇ ನಮಗೆ ಮುಳುವಾಯಿತು. ಅವರು ಬಂದ ಮೇಲಿನ ಮೊದಲ ಮೀಟಿಂಗು, ಎಲ್ಲರ ಅಹವಾಲನ್ನೂ ಕೇಳುತ್ತ ಕೂತರು, ಮುಗಿಯುವ ಲಕ್ಷಣವೇ ಇಲ್ಲ. ನಮ್ಮ ಬೀದಿಯ ಸದಸ್ಯ ಹೊನ್ನಪ್ಪ ಚಡಪಡಿಸಿ ಎದ್ದು ನಿಂತು, "ಸ್ವಾಮಿ, ದೀಪ ದೊಡ್ಡದು ಮಾಡಿಸ್ಬಿಡಿ. ನಮ್ ಬೀದಿ ಜನಕ್ಕೆ ತೊಂದ್ರೆಯಾಗ್ತಾ ಇದೆ" ಎಂದ. ಕುಡ್ವರು ಮೇಲೆ ನೋಡಿದರು. "ಹೌದು ಮಾರಾಯ್ರೆ, ಸ್ವಲ್ಪ ಸಣ್ಣದೇ. ಅಷ್ಟೇ ಅಲ್ವಾ, ಮಾಡಿಸುವ" ಎಂದರು. ಮಾರನೆಯ ದಿನ ಸಭಾಂಗಣಕ್ಕೆ ದೊಡ್ಡ ದೊಡ್ಡ ದೀಪಗಳು ಬಂದವು. ಜನರಿಗೆ ಅನುಕೂಲವಾಗಲಿ ಎಂದು ಅವನ್ನು ಹಗಲೂ ರಾತ್ರಿ ಉರಿಯಲು ಬಿಟ್ಟರು.

ನಮ್ಮ ಬೀದಿಯಲ್ಲಿ ಮಧ್ಯಾಹ್ನ ಎನ್ನುವುದೇ ಇಲ್ಲವಾಯಿತು. ಬೆಳಗಿನ ಜಾವದ ಮಬ್ಬು ಹಾಗೇ ನಡೆದುಕೊಂಡು ಹೋಗಿ ಸಂಜೆಗೆ ಸೇರಿಕೊಳ್ಳುತ್ತಿತ್ತು. ಮೊದಮೊದಲು ನಾನೂ ನಮ್ಮನೆಯವರೂ ಮಾತಾಡಬೇಕು ಅನ್ನಿಸಿದರೆ ಬೇರೆ ಬೀದಿಗೆ ಹೋಗುತ್ತಿದ್ದೆವು. ಎಣ್ಣೆಗಾಣದ ಓಣಿಯ ಕಟ್ಟೆಯ ಮೇಲೆ ಎದುರುಬದುರು ಕೂತು, ತರಕಾರಿ ಏನು ತರಬೇಕು, ಚಾವಣಿಯ ಸೋರಿಕೆಗೆ ಏನು ಮಾಡಬೇಕು ಎಂದು ಮಾತಾಡಿಕೊಂಡು ಬರುತ್ತಿದ್ದೆವು. ಓಣಿಯ ಹೆಂಗಸರು ನಮ್ಮನ್ನು ಹೊಸ ಜೋಡಿ ಎಂದು ರೇಗಿಸುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ.

ಬೀದಿಯವರೆಲ್ಲ ಸೇರಿ ಕುಡ್ವರ ಹತ್ತಿರ ಹೋದರು. "ಇನ್ನೂ ದೊಡ್ಡದಾಗ್ಲಿಲ್ಲವಲ್ಲ ಸ್ವಾಮಿ, ಪೂರ್ತಿ ದೊಡ್ಡದು ಮಾಡಿಸಿ" ಎಂದು ಕೈಮುಗಿದರು. ಕುಡ್ವರು ಇನ್ನೂ ದೊಡ್ಡ ದೀಪ ಹಾಕಿಸಿದರು. ಹೆಡ್ ಕ್ಲಾರ್ಕ್ ಸಿದ್ದಬಸಪ್ಪನವರು ಧೈರ್ಯ ಮಾಡಿ, "ಸಾರ್, ಪುರಸಭೇಲಿ ಬೆಳಕು ಜಾಸ್ತಿಯಾದಷ್ಟೂ ಊರಲ್ಲಿ ಕತ್ತಲೆ ಆಗ್ತದೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಯೂ ನೋಡಿದರು. ಕುಡ್ವರು ಬೇಸರದ ನಗು ನಕ್ಕು, "ಹಾಗೆ ಎಲ್ಲ ಊರಲ್ಲೂ ಹೇಳ್ತಾರೆ ಸಿದ್ದಬಸಪ್ಪನವರೆ. ಜನರಿಗೆ ನಮ್ಮ ಮೇಲೆ ಸಿಟ್ಟಿರ್ತದೆ. ನಾವು ಕೆಲಸ ಮಾಡಿ ತೋರಿಸುವ" ಎಂದರು. ಬೀದಿ ನೋಡಲು ತಾವೇ ಬಂದರು. ನಿಜವಾಗಿಯೂ ಕತ್ತಲಿತ್ತು. ಪಾಪ, ಅವರಿಗೆ ಅಳುವೇ ಬಂದಂತಾಯಿತು. ಬೀದಿ ಬೀದಿಗೂ ಪುರಸಭೆಯ ಕಂಬ ನೆಡಿಸಿ ದೀಪ ಹಾಕಿಸಿದರು. ಕಂದಾಯದ ಕೌಂಟರು, ಮೋಟಾರು ಮನೆ, ವಾಚನಾಲಯ, ಎಲ್ಲ ಕಡೆಯೂ ದೊಡ್ಡ ದೀಪ. ಆಮೇಲೆ ಊರಿನಲ್ಲಿ ನಾವು ಹೋಗಿ ಕೂರಬಹುದಾದ ಕಟ್ಟೆಯೇ ಉಳಿಯಲಿಲ್ಲ. ಇಡೀ ಊರಿನಲ್ಲಿ ಫಳಫಳ ಎನ್ನುತ್ತಿದ್ದದ್ದು ಪುರಸಭೆಯ ಕಟ್ಟಡ ಒಂದೇ, ಕುಡ್ವರ ವಸತಿಯೂ ಅದರ ಆವರಣದೊಳಗೇ ಇತ್ತು.

ಜನ ಹೇಗೋ ಹೊಂದಿಕೊಂಡರು. ತರಕಾರಿಯನ್ನು ಮುಟ್ಟಿ ಮೂಸಿ ಕೊಳ್ಳತೊಡಗಿದರು, ಎದುರಿಗೆ ಬಂದವರನ್ನು ಕೆಮ್ಮಿನಿಂದ ಗುರುತು ಹಿಡಿಯತೊಡಗಿದರು. ಸಾಲ ಮಾಡಿದವರು ಕೆಲವರು ಖುಷಿಯಾಗಿಯೇ ಇದ್ದರು. ನಮ್ಮನೆಯವರಿಗೆ ಮಾತ್ರ ಹೊಂದಿಕೊಳ್ಳಲು ದಾರಿ ಇರಲಿಲ್ಲ. ಅವರಿಗೆ ಬೆಳಕು ಹೋಯಿತೆಂದರೆ ಮಾತು ಹೋಯಿತು. ಒಂದು ದಿನ ಗರಡಿಯ ಪೈಲ್ವಾನ್ ಕೆಂಚಪ್ಪನವರು ಬಂದು ಕುರ್ಚಿಯಲ್ಲಿ ಕೂತು, "ಗಡ್ಡ ತೆಗಿ, ಮೀಸೆ ಮುಟ್ಬೇಡ" ಎಂದರು. ಇವರಿಗೆ ಆ ಮಬ್ಬಿನಲ್ಲಿ ಗಡ್ಡ ಕಾಣಿಸಿತು, ಮೀಸೆ ಕಾಣಿಸಿತು, ಮುಟ್ಟಬೇಡ ಎಂದದ್ದು ಕಾಣಿಸಲಿಲ್ಲ. ಮೀಸೆ ಹೋದ ಮೇಲೆ ಪೈಲ್ವಾನರ ಮುಖ ಹೈಸ್ಕೂಲು ಹುಡುಗನ ಮುಖದ ಹಾಗಾಯಿತು. ಅವರು ಕೈಯಾಡಿಸಿ ನೋಡಿಕೊಂಡರು, ದೊಡ್ಡ ಮನುಷ್ಯ, ಬೈಯಲಿಲ್ಲ. "ಬೆಳೀತದೆ ಬಿಡು ಚೆಲುವಣ್ಣ" ಎಂದು ಎದ್ದು ಹೋದರು. ಆ ಮಾತೂ ಇವರಿಗೆ ಕಾಣಿಸಲಿಲ್ಲ. ಏನೋ ಶಾಪ ಹಾಕಿ ಹೋದರು ಎಂದೇ ತಿಳಿದುಕೊಂಡರು.

ಅಂದಿನಿಂದ ಅವರು ಕತ್ತಿ ಹಿಡಿಯಲು ಹಿಂಜರಿದರು. ಗಿರಾಕಿ ಬಂದರೆ ನಾಳೆ ಬನ್ನಿ ಎನ್ನುತ್ತಿದ್ದರು. ಮನೆಯಲ್ಲಿ ನಾನು ಮುಖದ ಹತ್ತಿರ ಮುಖ ಇಟ್ಟು ಮಾತಾಡಿದರೂ ಕಣ್ಣು ಕಿರಿದು ಮಾಡಿ ನೋಡಿ, ಸಾಕಾಗಿ, "ಆಯ್ತು ಆಯ್ತು" ಎಂದುಬಿಡುತ್ತಿದ್ದರು. ಅನ್ನ ಬೇಕೇ ಎಂದರೂ ಆಯ್ತು, ಹೊಟ್ಟೆ ನೋವೇ ಎಂದರೂ ಆಯ್ತು. ಬೀದಿಯುದ್ದಕ್ಕೂ ಕೂಗಿ ಮಾತಾಡುತ್ತಿದ್ದ ಗಂಡ ದಿನಕ್ಕೆ ಅದೊಂದೇ ಮಾತಿನಲ್ಲಿ ಕಾಲ ಹಾಕತೊಡಗಿದರು. ಒಂದು ಬೆಳಿಗ್ಗೆ ಅಂಗಡಿಗೆ ಹೋದವರು ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು ವಾಪಸ್ಸು ಬಂದರು. ಜಗಲಿಯ ಮೇಲೆ ನನ್ನ ಪಕ್ಕ ಕೂತು, "ನಂಗೆ ಈಗ ನಿಜವಾಗ್ಲೂ ಕಿವಿ ಹೋಯ್ತು ಕಣೆ. ಅಂಗಡಿ ಮುಚ್ಚಿಬಿಡ್ತೀನಿ" ಎಂದರು. ಇಷ್ಟು ವರ್ಷದಲ್ಲಿ ಅವರು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು. ನಾನು ಏನೇನೋ ಹೇಳಿದೆ, ಬೇಡ ಎಂದೆ, ಎಲ್ಲ ಸರಿಹೋಗುತ್ತದೆ ಎಂದೆ. ಅವರು ನನ್ನ ಮುಖದ ಕಡೆ ತಿರುಗಲೇ ಇಲ್ಲ. ತಿರುಗಿ ಏನು ಪ್ರಯೋಜನ ಎಂದುಕೊಂಡಿರಬೇಕು. ಎದ್ದು ಮತ್ತೆ ಅಂಗಡಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ನನಗೆ ಸಿಟ್ಟು ಬಂದರೆ ಕೈಗೆ ಕೆಲಸ ಬೇಕು. ಮೊರಕ್ಕೆ ಅಕ್ಕಿ ಸುರಿದುಕೊಂಡು ಕೂತೆ. ಪಕ್ಕದ ಮನೆಯ ಗಂಗಮ್ಮನೂ ಬಂದು ಕೂತಳು. ಅಕ್ಕಿ ಯಾವುದು ಕಲ್ಲು ಯಾವುದು ಒಂದೂ ಕಾಣದು. "ಏನ್ ಗಂಗಮ್ಮ, ಈ ಕತ್ತಲೇಲಿ ಆರಿಸೋದಾದ್ರೂ ಹೆಂಗೆ?" ಎಂದೆ. ಗಂಗಮ್ಮ, "ಹಂಗೇ ಬೇಯಿಸು, ಹಲ್ಲಿಗೆ ಸಿಕ್ದಾಗ ಆರಿಸಿದ್ರಾಯ್ತು" ಎಂದಳು. ನನ್ನ ಕೈ ಮೊರದಲ್ಲೇ ನಿಂತಿತು. ಗಂಗಮ್ಮ ಎಂದರೆ ಮಡಿಕೆ ತುಂಬ ಶಾಸ್ತ್ರ ಇಟ್ಟುಕೊಂಡವಳು, ಬೆಕ್ಕು ಅಡ್ಡ ಬಂದರೆ ಬೆಕ್ಕಿನ ಹತ್ತಿರವೇ ಪರಿಹಾರ ಕೇಳುವವಳು. ಆ ಮಾತನ್ನು ನಾನೂ ಅಂದೆ, ಅವಳೂ ಅಂದಳು, ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಕ್ಕಿಯ ವಿಷಯವಲ್ಲವೇ! ಅಕ್ಕಿಗಾದರೆ ಅದು ಹೆಕ್ಕುವ ಮಾತು. ದೀಪದ ಪಕ್ಕ ಕೂತರೆ ಮಾತ್ರ ಅದು ಬೇರೆ ಮಾತು. ನಾನು ಮೊರ ಹಿಡಿದುಕೊಂಡೇ ಎದ್ದೆ. ಎಲ್ಲಿಗೆ ಎಂದು ಗಂಗಮ್ಮ ಕೂಗಿದಳು. ಬೆಳಕಿರುವ ಕಡೆ ಹೋಗಿ ಆರಿಸಿಕೊಂಡು ಬರುತ್ತೇನೆ ಎಂದೆ.

ಪುರಸಭೆಯ ಸಭಾಂಗಣದಲ್ಲಿ ಕಣ್ಣು ಬಿಡಲಾಗದಷ್ಟು ಬೆಳಕು. ಕಿಟಕಿಗಳಿಗೆಲ್ಲ ಬೀರು ಅಡ್ಡ ಇಟ್ಟಿದ್ದರು, ಒಂದನ್ನು ಬಿಟ್ಟು. ಕುಡ್ವರು ಒಂದು ಮೂಲೆಯಲ್ಲಿ ಕೂತು ಬರೆಯುತ್ತಿದ್ದರು, ಪಕ್ಕದಲ್ಲಿ ಸಿದ್ದಬಸಪ್ಪನವರು. ಮೊರ ಹಿಡಿದು ಬಂದವಳನ್ನು ನೋಡಿ ಕುಡ್ವರು ಗಾಬರಿಯಾಗದೆ, "ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದರು. ನಾನು ಕೂರಲಿಲ್ಲ. "ಸಾಹೇಬ್ರೆ, ಅಕ್ಕೀಲಿ ಬೇಡದ ಕಲ್ಲು ಸೇರ್ಕೊಂಡಿದ್ರೆ ನಿಮ್ಮ ಕಡೆ ಏನ್ಮಾಡ್ತಾರೆ?" ಎಂದು ಕೇಳಿದೆ. "ಎಂಥ ಮಾಡ್ತಾರೆ, ಆರಿಸ್ತಾರೆ" ಎಂದರು. "ಈಗ ಈ ಹಾಲ್‌ನಲ್ಲಿ ಯಾರ್‍ಯಾರಿದ್ದೀವಿ?" "ನಾನು, ನೀವು, ಇವರು." "ದೀಪ?" ಅವರು ತಲೆಯೆತ್ತಿ ಸುತ್ತ ನೋಡಿದರು. "ಸುಮಾರು ಉಂಟು." "ಅದ್ರಲ್ಲಿ ಬೇಕಾದ್ದು ಯಾವ್ದು, ಬೇಡದ್ದು ಯಾವ್ದು?" ಕುಡ್ವರು ಸ್ವಲ್ಪ ಯೋಚಿಸಿ, ಮೇಜಿನ ಮೇಲಿನದನ್ನು ತೋರಿಸಿ, "ಈಗ ನೋಡಿದ್ರೆ ಇದೊಂದೇ ಬೇಕಾದ್ದು" ಎಂದರು.

ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತವರ ಮುಖ ಕಣ್ಣ ಮುಂದೆ ಬಂತು. ನಾನು ನಂಬುವವಳಲ್ಲ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಮೊರವನ್ನು ಎದೆಗೆ ಒತ್ತಿ ಹಿಡಿದು, "ಹಂಗಾದ್ರೆ ಬೇಡದ್ದನ್ನ ಆರಿಸಿ ಸಾಹೇಬ್ರೆ" ಎಂದುಬಿಟ್ಟೆ.

ಸಿದ್ದಬಸಪ್ಪನವರ ಕೈಯಿಂದ ಪೆನ್ನು ಬಿತ್ತು. ನನ್ನನ್ನೂ ಮೊರವನ್ನೂ ನೋಡಿ, ಉಸಿರು ಹಿಡಿದುಕೊಂಡು, "ದೇವೀರಕ್ಕ, ಇದು ಅಕ್ಕಿ ಆರಿಸೋ ಆರಿಸು ತಾನೆ?" ಎಂದರು. "ಮೊರ ಕಾಣ್ತಾ ಇಲ್ವಾ ನಿಮ್ಗೆ?" ಎಂದೆ. ಆದರೆ ಕುಡ್ವರು ಆಗಲೇ ಎದ್ದು ನಿಂತಿದ್ದರು. "ಆರಿಸ್ಲಿಕ್ಕಾ? ನಿಮಗೆಲ್ಲ ದೀಪ ಆರಿಸ್ಬೇಕಿತ್ತಾ? ಮತ್ತೆ ಎಲ್ಲರೂ ದೊಡ್ಡದು ಮಾಡಿ, ದೊಡ್ಡದು ಮಾಡಿ ಅಂತ ಕೈಮುಗಿದದ್ದು?" ಸಿದ್ದಬಸಪ್ಪನವರು ಎರಡೂ ಕಿವಿ ಮುಚ್ಚಿಕೊಂಡು, "ಅದೇ ಸಾರ್ ಇದು, ಅದೇ ಇದು" ಎಂದು ಗೋಗರೆದರು. ಕುಡ್ವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಯ್ಯೋ ದೇವರೇ. ಅದನ್ನು ಮೊದಲೇ ಹೇಳ್ಬಾರದಾ ಮಾರಾಯ್ರೆ" ಎಂದು ಯಾರಿಗೂ ಅಲ್ಲದೆ ಹೇಳಿಕೊಂಡು, ತಾವೇ ಹೋಗಿ ಸ್ವಿಚ್ಚುಗಳನ್ನು ಒತ್ತತೊಡಗಿದರು. ಒಂದು ದೀಪ ದೊಡ್ಡದಾಯಿತು, ಇನ್ನೊಂದು ದೊಡ್ಡದಾಯಿತು. ತೆರೆದಿದ್ದ ಒಂದೇ ಕಿಟಕಿಯಿಂದ ನೋಡಿದೆ. ದೂರದಲ್ಲಿ ನಮ್ಮ ಬೀದಿಯ ತುದಿಯ ಮನೆಯ ಗೋಡೆಗೆ ಬಿಸಿಲು ಬಂತು. ಆ ಗೋಡೆಗೆ ಹಳದಿ ಬಣ್ಣ ಹೊಡೆಸಿದ್ದಾರೆ ಎನ್ನುವುದೇ ನನಗೆ ಮರೆತುಹೋಗಿತ್ತು. ಕುಡ್ವರೂ ನನ್ನ ಪಕ್ಕ ಬಂದು ನಿಂತು ನೋಡಿದರು, ಬಾಯಿ ತೆರೆದುಕೊಂಡೇ ನಿಂತಿದ್ದರು.

ಆಮೇಲಿನದನ್ನು ಈಗಲೇ ಹೇಳಿ ಮುಗಿಸುತ್ತೇನೆ. ಕುಡ್ವರು ಎಂಥ ಕೆಲಸಗಾರರು ಎನ್ನುವುದು ಗೊತ್ತಾದದ್ದು ಆಮೇಲೆಯೇ. ಕಿಟಕಿಗೆ ಅಡ್ಡವಾಗಿದ್ದ ಬೀರುಗಳನ್ನೆಲ್ಲ ಸರಿಸಿದರು, ಗೋಡೆಗೆ ಸುಣ್ಣ ಬಳಿಸಿದರು. ತಮ್ಮೂರಿನ ಮನೆಗಳಲ್ಲಿ ಇರುವ ಹಾಗೆ ಮಾಡಿನ ಮೇಲೆ ನಡುನಡುವೆ ಗಾಜಿನ ಹೆಂಚು ಕೂರಿಸಿದರು. ಈಗ ಆಕಾಶದ ಬೆಳಕು ನೇರವಾಗಿ ಕಡತಗಳ ಮೇಲೆ ಬೀಳುತ್ತದೆ, ಯಾರ ಬೀದಿಯನ್ನೂ ಕೇಳುವುದಿಲ್ಲ. ಬೇಕಾದವರ ಮೇಜಿಗೊಂದು ಪುಟ್ಟ ದೀಪ, ಎದ್ದು ಹೋಗುವಾಗ ಅದನ್ನು ದೊಡ್ಡದು ಮಾಡಿಯೇ ಹೋಗಬೇಕು. ಕಂಬಗಳ ದೀಪ ಕತ್ತಲಾದ ಮೇಲೆ ಮಾತ್ರ, ಅದೂ ತಿರುವುಗಳಲ್ಲಿ ಮಾತ್ರ. ಮೀಟಿಂಗು ಹೊಂಗೆ ಮರದ ಕೆಳಗೆ. ಹೆರಿಗೆ ಕೋಣೆಯ ದೀಪವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕುಡ್ವರು ಈಗ ನಮಗಿಂತ ಹೆಚ್ಚು ಮಡಿ. ಆ ಮಾತು ಬಂದೀತೆಂದು ಅಕ್ಕಿಯನ್ನೂ "ಹೆಕ್ಕುವ" ಎನ್ನುತ್ತಾರಂತೆ.

ಆದರೆ ಆ ಮಧ್ಯಾಹ್ನ ನನಗೆ ಇದೊಂದೂ ಬೇಕಿರಲಿಲ್ಲ. ಕಿಟಕಿಯ ಹತ್ತಿರ ನಿಂತಿದ್ದಾಗಲೇ ನಾನು ಆಡಿದ ಮಾತು ನೆನಪಾಗಿತ್ತು. ಆ ಮಾತನ್ನು ಕುಡ್ವರೂ ಆಡಿದರು, ನಿಜ. ಅವರು ಹೊರಗಿನವರು, ಅವರಿಗೆ ತಟ್ಟದೆ ಇರಬಹುದು. ನಾನು? ಮೊರ ಹಿಡಿದು ಓಡಿದೆ. ಬೀದಿಯಲ್ಲಿ ಜನ ಮನೆಯಿಂದ ಹೊರಗೆ ಬಂದು ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಪೈಲ್ವಾನರು ಅರ್ಧ ಬೆಳೆದ ಮೀಸೆಯನ್ನು ತಂಬಿಗೆಯ ನೀರಿನಲ್ಲಿ ನೋಡಿಕೊಂಡು ನಗುತ್ತಿದ್ದರು. ಯಾರೋ ನನ್ನನ್ನು ಕರೆದರು, ನಾನು ನಿಲ್ಲಲಿಲ್ಲ. ಅಂಗಡಿಯ ಬಾಗಿಲು ತಳ್ಳಿದೆ. ಗಿರಾಕಿಗಳ ಕುರ್ಚಿಯಲ್ಲಿ ಅವರೇ ಕೂತಿದ್ದರು, ಬೆನ್ನು ನನ್ನ ಕಡೆಗೆ, ತಲೆ ಒಂದು ಪಕ್ಕಕ್ಕೆ ವಾಲಿತ್ತು. ಒಂದು ಕೈ ಕೆಳಗೆ ಜೋತಾಡುತ್ತಿತ್ತು.

ಬಾಗಿಲಲ್ಲೇ ನಿಂತು, ಕಿವಿ ಕೇಳದವರು ಎನ್ನುವುದನ್ನೂ ಮರೆತು, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಈ ಜನ್ಮದಲ್ಲಿ ಅವರನ್ನು ಏಕವಚನದಲ್ಲಿ ಕರೆದವಳಲ್ಲ, ಆಗ ಕರೆದೆ. "ನಿಂಗೋಸ್ಕರ ಅಂದೆ ಕಣೋ ಆ ಮಾತು. ನಿಂಗೆ ಬೆಳಕು ಬರ್ಲಿ ಅಂತ ಅಂದೆ. ನಾನೊಬ್ಬಳು ಪೆದ್ದಿ. ನೀನಿಲ್ದೆ ಈ ಬೆಳಕು ತಗೊಂಡು ನಾನೇನ್ ಮಾಡ್ಲೋ? ಯಾರ ಹತ್ರ ಜಗಳ ಆಡ್ಲೋ? ನೀನಂದ್ರೆ ನಂಗೆ ಪ್ರಾಣ ಕಣೋ." ಅಳು ಉಕ್ಕಿ ಬಂತು. ಮೊರ ಕೈಜಾರಿ ಅಕ್ಕಿಯೆಲ್ಲ ಅಂಗಡಿಯ ತುಂಬ ಚೆಲ್ಲಿತು.

ಜೋತಾಡುತ್ತಿದ್ದ ಕೈ ಮೇಲಕ್ಕೆ ಹೋಗಿ ಕೆನ್ನೆ ಕೆರೆದುಕೊಂಡಿತು. ನಾನು ತಲೆಯೆತ್ತಿದೆ. ಕನ್ನಡಿ ಗೋಡೆಯ ಕಡೆ ಇರಲಿಲ್ಲ. ಬೆಳಕು ಬಂದೊಡನೆ ಅವರು ಅದನ್ನು ತಿರುಗಿಸಿಕೊಂಡಿದ್ದರು, ತಿರುಗಿಸಿಕೊಂಡು ಎಷ್ಟೋ ದಿನದ ಮೇಲೆ ತಮ್ಮ ಮುಖ ನೋಡಿಕೊಳ್ಳುತ್ತ ಹಾಯಾಗಿ ತೂಕಡಿಸಿದ್ದರು. ನಾನು ಬಾಗಿಲು ತಳ್ಳಿದಾಗ ಕನ್ನಡಿಗೆ ಬಿದ್ದ ಬಿಸಿಲಿಗೆ ಎಚ್ಚರವಾಗಿತ್ತು. ಈಗ ಕನ್ನಡಿಯಲ್ಲಿ ಅವರ ಎರಡೂ ಕಣ್ಣು ಅಗಲವಾಗಿ ತೆರೆದು ನನ್ನ ತುಟಿಯ ಮೇಲೆ ನೆಟ್ಟಿದ್ದವು.

"ಎಲ್ಲಾ ಕೇಳಿಸ್ತು ಕಣೆ," ಎಂದರು, ಬೀದಿಯ ಆ ತುದಿಯವರೆಗೂ ಕೇಳಿಸುವ ಹಾಗೆ. "ಆ ಕೊನೇ ಮಾತು ಇನ್ನೊಂದ್ಸಲ ಹೇಳು. ಹಂಗೇ ಹೇಳ್ಬೇಕು, ಏಕವಚನದಲ್ಲೇ."

ಬಾಗಿಲ ಹೊರಗೆ ಜನ ಸೇರಿದ್ದರು. ಗಂಗಮ್ಮನೂ ಇದ್ದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡು, ಕನ್ನಡಿಯ ಕಡೆ ನೋಡಿ, ಸದ್ದಿಲ್ಲದೆ ಹೇಳಿದೆ.